ಹಳೆ ಮನೆಯ ಚರಿತ್ರೆ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕುಟುಂಬದ ಮನೆ ಒಂದು ಪಾರಂಪರಿಕ ಪ್ರದೇಶದ, ಅಂದರೆ ಹಳೆ ಬೀದಿ, ಮನೆಗಳನ್ನು ಒಟ್ಟಾಗಿ ಕಾಪಾಡಲು ಗುರುತಿಸಿದ ಜಾಗದ, ಒಳಗಿದೆ. ಅದರ ಚರಿತ್ರೆ ಹುಡುಕಲು ಶುರು ಮಾಡಿ ಹತ್ತು ವರ್ಷದ ಮೇಲಾಯಿತು. ಇಷ್ಟು ದಿನದಲ್ಲಿ ನೆಂಟರು, ನೆರೆಯವರು, ಇಂಥದ್ದೇ ಮನೆ ಇರುವ ಅಪರಿಚಿತರು ಮಾತಿನಲ್ಲಿ, ಪತ್ರದಲ್ಲಿ ಕೇಳಿದ್ದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಸುಲಭದವು ಮೊದಲು, ಕಷ್ಟದವು ಆಮೇಲೆ. ಎಲ್ಲವನ್ನೂ ಒಂದೇ ಸಲ ಓದಬೇಕಿಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಶುರು ಮಾಡುವವರಿಗೆ

ನಮ್ಮದು ಅರಮನೆ ಏನಲ್ಲ, ಸಾಧಾರಣ ಮನೆ. ಇದಕ್ಕೂ ಚರಿತ್ರೆ ಅಂತ ಇರುತ್ತಾ?

ಖಂಡಿತ ಇರುತ್ತದೆ. ಪಾರಂಪರಿಕ ಪ್ರದೇಶ ಅನ್ನುವ ಕಲ್ಪನೆ ಹುಟ್ಟಿದ್ದೇ ಸಾಧಾರಣ ಮನೆಗಳ ಸಾಲಿನಿಂದ. ಮೊದಲೆಲ್ಲ ಕಾಪಾಡುತ್ತಿದ್ದದ್ದು ಕೋಟೆ, ಗುಡಿ, ದೊಡ್ಡವರು ಹುಟ್ಟಿದ ಮನೆ ಇಂಥವನ್ನು ಮಾತ್ರ. ಅಮೆರಿಕದ ಚಾರ್ಲ್ಸ್‌ಟನ್ ಊರು 1931ರಲ್ಲಿ ಹಳೆ ಬೀದಿಗಳನ್ನು ಮನೆಗಳ ಸಮೇತ ಒಟ್ಟಾಗಿ ಉಳಿಸುವ ನಿಯಮ ತಂದಿತು. ಆ ದೇಶದಲ್ಲಿ ಅದೇ ಮೊದಲು. ಫ್ರಾನ್ಸ್ 1962ರಲ್ಲಿ, ಬ್ರಿಟನ್ 1967ರಲ್ಲಿ ಇದೇ ದಾರಿಗೆ ಬಂದವು. ಅಹಮದಾಬಾದಿನ ಹಳೆ ಊರು 2017ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಮಸೀದಿಗಳಿಗೆ ಎಷ್ಟು ಬೆಲೆಯೋ, ಪೋಲ್ ಎನ್ನುವ ಇಕ್ಕಟ್ಟಾದ ಓಣಿಗಳಲ್ಲಿರುವ ಮರದ ಕೆತ್ತನೆಯ ಮನೆಗಳಿಗೂ ಅಷ್ಟೇ ಬೆಲೆ. ಒಂದು ಬೀದಿಯ ಹತ್ತು ಮನೆ ಒಟ್ಟಿಗೆ ನಿಂತಾಗ ಕಾಣುವ ಗೋಡೆ, ಜಗಲಿ, ಸೂರಿನ ಸಾಲು ಒಂದು ಮನೆ ಕಳಚಿದರೂ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ನಿಮ್ಮ ಮನೆ ಆ ಸಾಲಿನಲ್ಲಿ ಒಂದು.

ಎಲ್ಲಿಂದ ಶುರು ಮಾಡಲಿ? ತಲೆಬುಡ ಗೊತ್ತಾಗ್ತಿಲ್ಲ.

ಇವತ್ತಿನಿಂದ ಹಿಂದಕ್ಕೆ ಹೋಗಿ. ಹಳೆಯ ಕಾಲದಿಂದ ಮುಂದಕ್ಕೆ ಬರಲು ಹೋದರೆ ದಾರಿ ತಪ್ಪುತ್ತದೆ, ಯಾಕೆಂದರೆ ಆ ತುದಿಯಲ್ಲಿ ಇರುವುದು ಬರೀ ಊಹೆ. ಈಗ ಯಾರ ಹೆಸರಿನಲ್ಲಿದೆ, ಅವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ, ಹೀಗೆ ಒಂದೊಂದೇ ಮೆಟ್ಟಿಲು ಇಳಿಯಿರಿ.

ಅದಕ್ಕಿಂತ ಮೊದಲು ಎರಡು ಕೆಲಸ. ಒಂದು, ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಮಾಡು (ಚಾವಣಿ) ಎಲ್ಲದರ ಫೋಟೊ ತೆಗೆದಿಡಿ. ನಾಳೆ ಯಾರೋ ಬಣ್ಣ ಹೊಡೆಸಿಬಿಡುತ್ತಾರೆ. ಎರಡು, ಮನೆಯಲ್ಲಿ ಬೆಳೆದವರ ಪಟ್ಟಿಯನ್ನು ವಯಸ್ಸಿನ ಪ್ರಕಾರ ಬರೆಯಿರಿ, ತುಂಬಾ ಹಿರಿಯರ ಹತ್ತಿರ ಇದೇ ವಾರ ಹೋಗಿ. ಕಾಗದ ಕಚೇರಿಯಲ್ಲಿ ಇನ್ನೂ ಐದು ವರ್ಷ ಇರುತ್ತದೆ. ಜನ ಹಾಗಲ್ಲ. ನಾನು ಇದನ್ನು ತಿರುಗಾಮುರುಗಾ ಮಾಡಿದೆ. ಕಾಗದದ ಹಿಂದೆ ಎರಡು ವರ್ಷ ಓಡಾಡಿ ವಾಪಸ್ ಬರುವಷ್ಟರಲ್ಲಿ ದೊಡ್ಡಪ್ಪ ಇರಲಿಲ್ಲ. ಹಿತ್ತಿಲ ಬಾವಿ ಯಾವಾಗ ಮುಚ್ಚಿದರು ಎಂದು ಗೊತ್ತಿದ್ದದ್ದು ಅವರೊಬ್ಬರಿಗೇ.

ಮನೆಯ ಹಿರಿಯರು ಹೇಳೋ ಕಥೆ ನಂಬಬಹುದಾ?

ನಂಬಿ, ಆದರೆ ಬಿಡಿಬಿಡಿಯಾಗಿ ನಂಬಿ. ಮನೆತನದ ಕಥೆಗಳಲ್ಲಿ ಸಾಮಾನ್ಯವಾಗಿ ಘಟನೆ ನಿಜ ಇರುತ್ತದೆ, ಮಾಡಿದವರ ಹೆಸರು ಮತ್ತು ಕಾಲ ಅದಲುಬದಲಾಗಿರುತ್ತವೆ. ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದದ್ದು ‘ಮುತ್ತಜ್ಜ ಕಟ್ಟಿಸಿದ ಮನೆ’ ಎಂದು. ಕ್ರಯಪತ್ರ ಸಿಕ್ಕಾಗ ಗೊತ್ತಾಯಿತು, ಮುತ್ತಜ್ಜ ಅದನ್ನು ಕೊಂಡದ್ದು ಒಬ್ಬ ವಿಧವೆಯಿಂದ, ಕೊಳ್ಳುವಾಗಲೇ ಅದು ಹಳೆ ಮನೆ. ಹಾಗಂತ ಕಥೆ ಸುಳ್ಳಲ್ಲ. ಮಹಡಿ ಅವರೇ ಕಟ್ಟಿಸಿದ್ದು. ಮಹಡಿ ಏಳುವುದನ್ನು ಕಣ್ಣಾರೆ ನೋಡಿದ ಮಕ್ಕಳ ನೆನಪಿನಲ್ಲಿ ಅದೇ ‘ಮನೆ ಕಟ್ಟಿಸಿದ್ದು’ ಆಯಿತು.

ಕೇಳುವ ರೀತಿಯೂ ಮುಖ್ಯ. ‘ಮನೆಯ ಇತಿಹಾಸ ಹೇಳಿ’ ಎಂದರೆ ಯಾರೂ ಏನೂ ಹೇಳುವುದಿಲ್ಲ. ‘ನೀವು ಚಿಕ್ಕವರಿದ್ದಾಗ ಎಲ್ಲಿ ಮಲಗುತ್ತಿದ್ದಿರಿ? ರಾತ್ರಿ ಯಾವ ಬಾಗಿಲಿಗೆ ಅಗಳಿ ಹಾಕುತ್ತಿದ್ದರು? ನೀರು ಎಲ್ಲಿ ತುಂಬಿಡುತ್ತಿದ್ದಿರಿ?’ ಎಂದು ಕೇಳಿ. ಸಾಧ್ಯವಾದರೆ ಅವರನ್ನು ಮನೆಯೊಳಗೇ ನಡೆಸಿಕೊಂಡು ಕೇಳಿ. ನಮ್ಮ ಸೋದರತ್ತೆ ಹಾಗೆ ನಡೆಯುತ್ತಾ ಅಡುಗೆಮನೆಯ ಗೋಡೆ ಹತ್ತಿರ ನಿಂತು, ‘ಮೆಟ್ಟಿಲು ಈ ಕಡೆ ಇತ್ತಲ್ಲೋ’ ಎಂದು ಊರುಗೋಲಿನಿಂದ ಓರೆಯಾಗಿ ಒಂದು ಗೆರೆ ತೋರಿಸಿದರು. ಅಲ್ಲಿ ಬರೀ ನುಣ್ಣನೆಯ ಗೋಡೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಅಡ್ಡಡ್ಡ ಬೀಳುವಂತೆ ಮಾಡಿದೆ. ಅಂಗೈ ಅಗಲದ ಒಂಬತ್ತು ತೇಪೆಗಳು, ಒಂದಕ್ಕಿಂತ ಒಂದು ಎತ್ತರಕ್ಕೆ, ಅತ್ತೆ ತೋರಿಸಿದ ಗೆರೆಯಲ್ಲೇ ಎದ್ದು ಕಂಡವು. ಮೆಟ್ಟಿಲಿನ ಹಲಗೆ ಕೂರಿಸಿದ್ದ ತೂತುಗಳನ್ನು ಮುಚ್ಚಿದ ಗುರುತು ಅವು. ಅವರಿಗೆ ಆಗ ಎಂಬತ್ತೆಂಟು ವರ್ಷ.

ಕಟ್ಟಿದ ವರ್ಷ ಒಂದು ಹೇಳಿಬಿಡಿ, ಬಾಗಿಲಿಗೆ ಫಲಕ ಹಾಕಿಸಬೇಕು.

ಹಳೆ ಮನೆಗೆ ಒಂದೇ ವರ್ಷ ಇರುವುದು ತೀರಾ ಕಮ್ಮಿ. ಮುಂದಿನ ಪಡಸಾಲೆ ಒಂದು ಕಾಲದ್ದು, ಹಿಂದಿನ ಕೋಣೆ ಇನ್ನೊಂದು ಕಾಲದ್ದು, ಮಹಡಿ ಮೂರನೆಯದು. ಬಾಗಿಲವಾಡದ ಮೇಲೆ ಕೆತ್ತಿದ ವರ್ಷ ಕೂಡ ಕಟ್ಟಿದ್ದಕ್ಕೋ ದುರಸ್ತಿ ಮಾಡಿಸಿದ್ದಕ್ಕೋ ಹೇಳಲಾಗದು. ಬಾಗಿಲವಾಡವೇ ಬೇರೆ ಮನೆಯಿಂದ ಬಂದಿರಬಹುದು. ಫಲಕ ಹಾಕಲೇಬೇಕಿದ್ದರೆ ಸಾಕ್ಷಿ ಇರುವ ಅತಿ ಹಳೆ ವರ್ಷ ಹಾಕಿ, ‘ಈ ವರ್ಷಕ್ಕೂ ಮೊದಲಿನದು’ ಎಂದು ಬರೆಸಿ.

## ಕಾಗದಪತ್ರ

ಕ್ರಯಪತ್ರ ಇದೆ, ಅದನ್ನ ಓದಿದ್ರೆ ಸಾಕಲ್ವಾ?

ಸಾಕಾಗುವುದಿಲ್ಲ. ಕ್ರಯಪತ್ರ ಮಾತಾಡುವುದು ಜಾಗದ ಬಗ್ಗೆ, ಮನೆಯ ಬಗ್ಗೆ ಅಲ್ಲ. ಹಳೆಯ ಮನೆ ಬಿದ್ದು ಅದೇ ಜಾಗದಲ್ಲಿ ಹೊಸದು ಎದ್ದಿದ್ದರೂ ಪತ್ರಗಳ ಸರಪಳಿ ಮುರಿಯುವುದಿಲ್ಲ. ಹೀಗಾಗಿ ಇನ್ನೂರು ವರ್ಷದ ಪತ್ರ ಇದೆ ಎಂದ ಮಾತ್ರಕ್ಕೆ ಮನೆಗೂ ಇನ್ನೂರು ವರ್ಷ ಎನ್ನಲು ಬರುವುದಿಲ್ಲ.

ನನ್ನ ಅನುಭವದಲ್ಲಿ ಜಾಸ್ತಿ ವಿಷಯ ಸಿಗುವುದು ಅಡಮಾನ ಪತ್ರ ಮತ್ತು ಪಾಲು ಪತ್ರಗಳಲ್ಲಿ. ಸಾಲ ಕೊಡುವವನು ಒತ್ತೆ ಇಟ್ಟುಕೊಳ್ಳುವುದು ಏನು ಎಂದು ಸರಿಯಾಗಿ ಬರೆಸಿಕೊಳ್ಳುತ್ತಾನೆ. ಅಣ್ಣತಮ್ಮಂದಿರು ಪಾಲಾಗುವಾಗ ಕೋಣೆ ಕೋಣೆಯನ್ನೂ, ಮೆಟ್ಟಿಲು ಯಾರಿಗೆ, ಹಿತ್ತಿಲ ದಾರಿ ಯಾರಿಗೆ ಎಂಬುದನ್ನೂ ಬರೆಯುತ್ತಾರೆ. ಜಗಳ ಜಾಸ್ತಿ ಇದ್ದಷ್ಟೂ ವಿವರ ಜಾಸ್ತಿ.

ಇನ್ನೊಂದು ಉಪಾಯ ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಪತ್ರದಲ್ಲಿ ಬರೆದ ವಿವರ. ನಿಮ್ಮ ಪತ್ರ ಕಳೆದುಹೋಗಿದ್ದರೆ ಪಕ್ಕದ ಮನೆಯವರ ಪತ್ರ ನೋಡಿ. ಅವರ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಇಂಥವರ ಮನೆ’ ಎಂದು ನಿಮ್ಮ ಮನೆ ಬಂದಿರುತ್ತದೆ. ಒಂದು ಪತ್ರದಲ್ಲಿ ‘ಖಾಲಿ ನಿವೇಶನ’, ಹನ್ನೆರಡು ವರ್ಷದ ನಂತರದ ಪತ್ರದಲ್ಲಿ ‘ಮನೆ’ ಎಂದಿದ್ದರೆ, ಕಟ್ಟಿದ ಕಾಲ ಆ ಹನ್ನೆರಡು ವರ್ಷದ ಒಳಗೆ ಸಿಕ್ಕಿಬಿತ್ತು. ನಾಲ್ಕೂ ದಿಕ್ಕಿನ ನೆರೆಯವರನ್ನು ಕೇಳಿ. ಆಸ್ತಿಯ ಕಾಗದ ಎಂದು ಹೆದರುತ್ತಾರೆ, ಅವರ ಮುಂದೆಯೇ ಓದಿ ಬರೆದುಕೊಳ್ಳುತ್ತೇನೆ ಎಂದರೆ ಒಪ್ಪುತ್ತಾರೆ.

ಹಳೆ ವಿಳಾಸದ ಮನೆ ನಂಬರ್ ಈಗಿನದಕ್ಕೆ ಹೊಂದ್ತಾನೇ ಇಲ್ಲ. ಬೇರೆ ಮನೆ ಇರಬಹುದಾ?

ಮನೆ ಅದೇ ಇರಬಹುದು, ನಂಬರ್ ಬದಲಾಗಿರಬಹುದು. ಮನೆಗಳಿಗೆ ನಂಬರ್ ಬಂದದ್ದೇ ಈಚೆಗೆ. ವಿಯೆನ್ನಾದಲ್ಲಿ 1770ರಲ್ಲಿ ನಂಬರ್ ಹಾಕಿದ್ದು ಸೈನ್ಯಕ್ಕೆ ಸೇರಿಸುವ ಗಂಡಸರ ಲೆಕ್ಕಕ್ಕೆ. ಪ್ಯಾರಿಸ್‌ನಲ್ಲಿ ಬೀದಿಯ ಒಂದು ಬದಿಗೆ ಸಮ, ಇನ್ನೊಂದು ಬದಿಗೆ ಬೆಸ ಎಂಬ ಈಗಿನ ಕ್ರಮ ಬಂದದ್ದು 1805ರಲ್ಲಿ. ಆಮೇಲೆ ಬೀದಿ ಉದ್ದವಾದಾಗ, ಮನೆ ಎರಡಾದಾಗ, ಹೊಸ ತೆರಿಗೆ ಪಟ್ಟಿ ಬಂದಾಗ ಎಲ್ಲ ಕಡೆ ನಂಬರ್ ತಿರುಗುತ್ತಲೇ ಇತ್ತು. ಆದ್ದರಿಂದ ನಂಬರ್ ಹಿಡಿದು ಹೋಗಬೇಡಿ, ಮೂಲೆಯಿಂದ ಎಣಿಸಿ. ಮೂಲೆಯ ಗುಡಿ, ಬಾವಿ, ಅಡ್ಡರಸ್ತೆ ಇಂಥ ಜಾಗ ಬಿಟ್ಟು ಕದಲದ ಗುರುತಿನಿಂದ ನಿಮ್ಮದು ಎಷ್ಟನೇ ಮನೆ ಎಂದು ಪ್ರತಿ ದಾಖಲೆಯಲ್ಲೂ ನೋಡಿ.

ಹಳೆ ನಕ್ಷೆಯಲ್ಲಿ ನಮ್ಮ ಮನೆ ಕಾಣುತ್ತಾ?

ನಕ್ಷೆ ಯಾರಿಗಾಗಿ ಮಾಡಿದ್ದು ಎಂಬುದರ ಮೇಲೆ ಹೋಗುತ್ತದೆ. ಸೈನ್ಯದ ನಕ್ಷೆಯಲ್ಲಿ ದಾರಿ, ಕೋಟೆ, ನೀರು ಇರುತ್ತವೆ, ಮನೆಗಳು ಒಂದೇ ಮುದ್ದೆ. ತೆರಿಗೆಯ ನಕ್ಷೆಯಲ್ಲಿ ಜಾಗದ ಗಡಿ ಸ್ಪಷ್ಟ. ಫ್ರಾನ್ಸಿನಲ್ಲಿ ನೆಪೋಲಿಯನ್ 1807ರಲ್ಲಿ ಶುರು ಮಾಡಿಸಿದ ಭೂಮಾಪನ ಅಂಥದ್ದು. ಎಲ್ಲಕ್ಕಿಂತ ಒಳ್ಳೆಯವು ಬೆಂಕಿ ವಿಮೆಯ ನಕ್ಷೆಗಳು. ಅಮೆರಿಕದ ಸ್ಯಾನ್‌ಬಾರ್ನ್ ಕಂಪನಿ 1867ರಿಂದ ಮಾಡಿದ ನಕ್ಷೆಗಳಲ್ಲಿ ಇಟ್ಟಿಗೆ ಮನೆಗೆ ಗುಲಾಬಿ ಬಣ್ಣ, ಮರದ ಮನೆಗೆ ಹಳದಿ. ಮಹಡಿ ಎಷ್ಟು, ಮಾಡು ಯಾವುದರದ್ದು ಎಂಬುದೂ ಇರುತ್ತದೆ. ಒಂದು ಎಚ್ಚರಿಕೆ ಇದೆ. ನಕ್ಷೆ ಅಚ್ಚಾದ ವರ್ಷ ಬೇರೆ, ಅಳತೆ ಮಾಡಿದ ವರ್ಷ ಬೇರೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡೂ ಇರುತ್ತವೆ, ಬೇಕಾದದ್ದು ಅಳತೆಯ ವರ್ಷ.

ಮನೆಯಲ್ಲಿ ಯಾರ್ಯಾರು ಇದ್ದರು ಅಂತ ಜನಗಣತಿಯಲ್ಲಿ ಸಿಗುತ್ತಂತೆ?

ಕೆಲವು ದೇಶಗಳಲ್ಲಿ ಸಿಗುತ್ತದೆ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಹೆಸರುಗಳ ಸಮೇತ ಬಿಡುತ್ತಾರೆ, 1950ರ ಗಣತಿ 2022ರಲ್ಲಿ ಹೊರಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಗಣತಿಯೂ 2022ರಲ್ಲೇ ಬಂತು. ಅಲ್ಲಿನ 1931ರ ಹಾಳೆಗಳು 1942ರ ಬೆಂಕಿಯಲ್ಲಿ ಹೋದವು. ಭಾರತದಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗುಟ್ಟು, ಅಲ್ಲಿ ಹುಡುಕಿ ಪ್ರಯೋಜನ ಇಲ್ಲ. ಆಗ ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ, ತೆರಿಗೆ ರಸೀದಿ, ಮನೆಗೆ ಬಂದ ಹಳೆ ಕಾರ್ಡುಗಳೇ ಗತಿ. ಕಾರ್ಡಿನಲ್ಲಿ ಬರೆದದ್ದಕ್ಕಿಂತ ವಿಳಾಸದ ಬದಿ ಮುಖ್ಯ. ಹೆಸರು, ‘ಇಂಥವರ ಮನೆಯ ಮಹಡಿ’ ಎಂಬ ಗುರುತು, ಅಂಚೆ ಮುದ್ರೆಯ ತಾರೀಖು ಮೂರೂ ಒಂದೇ ಕಡೆ ಸಿಗುತ್ತವೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಒಬ್ಬ ಮೇಷ್ಟ್ರು ನನಗೆ ಸಿಕ್ಕಿದ್ದು ಹಾಗೆಯೇ.

ದಾಖಲೆಯಲ್ಲೆಲ್ಲ ಬರೀ ಗಂಡಸರ ಹೆಸರೇ. ಹೆಂಗಸರು ಎಲ್ಲಿ ಹೋದರು?

ಈ ಪ್ರಶ್ನೆ ಕೇಳಿದವರೆಲ್ಲ ಹೆಂಗಸರೇ, ಮತ್ತು ಕೇಳಲೇಬೇಕಾದ ಪ್ರಶ್ನೆ ಇದು. ಕಾನೂನೇ ಹಾಗಿತ್ತು. ಇಂಗ್ಲೆಂಡಿನಲ್ಲಿ 1882ರ ಕಾಯ್ದೆ ಬರುವವರೆಗೆ ಮದುವೆಯಾದ ಹೆಣ್ಣಿನ ಆಸ್ತಿಯ ಮೇಲೆ ಗಂಡನದೇ ಅಧಿಕಾರ. ಹೆಂಗಸರ ಹೆಸರು ಕಾಗದಕ್ಕೆ ಬರುವುದು ಗಂಡ ಸತ್ತ ಮೇಲೆ, ಉಯಿಲಿನಲ್ಲಿ, ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ. ಅಲ್ಲಿ ಹುಡುಕಿ. ನಮ್ಮ ಮನೆ ಮಾರಿದ ಆ ವಿಧವೆಯ ಹೆಸರಿನ ಪಕ್ಕ ಒಂದು ಹೆಬ್ಬೆಟ್ಟಿನ ಗುರುತಿದೆ. ಮಸಿ ಜಾಸ್ತಿಯಾಗಿ ಒಂದು ಬದಿ ಹರಡಿದೆ, ಅವರು ಬೆರಳನ್ನು ಜಾರಿಸಿರಬೇಕು. ಅವರು ಇದ್ದರು ಎನ್ನುವುದಕ್ಕೆ ನನ್ನ ಹತ್ತಿರ ಇರುವುದು ಅಷ್ಟೇ, ಆದರೂ ಇಡೀ ಕಡತದಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡುವ ಹಾಳೆ ಅದು.

ಮನೆಕೆಲಸದವರ ವಿಷಯವೂ ಹೀಗೇ. ಚಾರ್ಲ್ಸ್‌ಟನ್ನಿನ ಎಷ್ಟೋ ದೊಡ್ಡ ಮನೆಗಳ ಹಿತ್ತಿಲಲ್ಲಿ ಗುಲಾಮರಾಗಿ ದುಡಿದವರು ಮಲಗುತ್ತಿದ್ದ ಕಟ್ಟಡಗಳು ಇನ್ನೂ ನಿಂತಿವೆ. ಬಹಳ ಕಾಲ ಮುಂಬಾಗಿಲಿನ ಕಥೆಯನ್ನಷ್ಟೇ ಹೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಹಿತ್ತಿಲ ಬಾಗಿಲಿನಿಂದ ಓಡಾಡಿದವರು ಯಾರು, ಅವರು ಎಲ್ಲಿ ಕೂರುತ್ತಿದ್ದರು ಎಂದು ಕೇಳಿ. ಅವರ ಮಕ್ಕಳು ಮೊಮ್ಮಕ್ಕಳು ಸಿಕ್ಕರೆ ಅವರನ್ನೂ ಕೇಳಿ. ಅವರಿಗೆ ನೆನಪಿರುವ ಮನೆ ಬೇರೆಯದೇ ಇರುತ್ತದೆ.

## ಮನೆಯೇ ಕೊಡುವ ಸಾಕ್ಷಿ

ಮೊಳೆ ನೋಡಿ ಕಾಲ ಹೇಳ್ತಾರಂತೆ, ನಿಜಾನಾ?

ಒಂದು ಅಂದಾಜಿನ ಮಟ್ಟಿಗೆ ನಿಜ. ಕಮ್ಮಾರ ಬಡಿದು ಮಾಡಿದ ಮೊಳೆ ನಾಲ್ಕು ಕಡೆಯೂ ಸಪೂರವಾಗುತ್ತಾ ಹೋಗುತ್ತದೆ, ತಲೆಯ ಮೇಲೆ ಸುತ್ತಿಗೆಯ ಏಟು ಕಾಣುತ್ತದೆ. ಅಮೆರಿಕದಲ್ಲಿ 1790ರ ದಶಕದಿಂದ ತಗಡನ್ನು ಯಂತ್ರದಲ್ಲಿ ಕತ್ತರಿಸಿ ಮಾಡಿದ ಮೊಳೆ ಬಂತು, ಅದು ಎರಡು ಕಡೆ ಮಾತ್ರ ಸಪೂರ. ಈಗಿನ ಗುಂಡನೆಯ ತಂತಿ ಮೊಳೆ ಅಲ್ಲಿ ಹರಡಿದ್ದು 1890ರ ಹೊತ್ತಿಗೆ. ಬೇರೆ ಕಡೆಗಳಿಗೆ ಇವು ಬಂದ ಕಾಲ ಬೇರೆಬೇರೆ, ಕಮ್ಮಾರರ ಮೊಳೆ ಜೊತೆಜೊತೆಗೇ ಉಳಿಯಿತು.

ಇಲ್ಲಿ ನೆನಪಿಡಬೇಕಾದ್ದು ಒಂದೇ. ವಸ್ತು ಹೇಳುವುದು ‘ಇದಕ್ಕಿಂತ ಮುಂಚೆ ಅಲ್ಲ’ ಎಂಬುದನ್ನು ಮಾತ್ರ. ತಂತಿ ಮೊಳೆ ಸಿಕ್ಕಿತು ಎಂದರೆ ಆ ಹಲಗೆ ಹೊಡೆದದ್ದು ತಂತಿ ಮೊಳೆ ಬಂದ ಮೇಲೆ. ಗೋಡೆಗೂ ಅದಕ್ಕೂ ಸಂಬಂಧ ಇರಬೇಕಿಲ್ಲ. ಬೇಕಲೈಟ್ ಎಂಬ ಹಳೆ ಬಗೆಯ ಪ್ಲಾಸ್ಟಿಕ್ಕಿನ ಸ್ವಿಚ್ ಕೂಡ ಹಾಗೆಯೇ, ಬೇಕಲೈಟ್ ಕಂಡುಹಿಡಿದದ್ದೇ 1907ರಲ್ಲಿ. ಕಿಟಕಿಯ ಗಾಜು ನೀರಿನಂತೆ ಅಲೆಅಲೆಯಾಗಿ ಕಂಡರೆ ಅದು ಹಳೆ ರೀತಿಯದು, ಕನ್ನಡಿಯಂತೆ ಸಮತಟ್ಟಾಗಿದ್ದರೆ ಬಹುಶಃ 1959ರಲ್ಲಿ ಪಿಲ್ಕಿಂಗ್ಟನ್ ಕಂಪನಿ ತೋರಿಸಿದ ಹೊಸ ವಿಧಾನದ ನಂತರದ್ದು. ಹಳೆ ಗಾಜು ಕಾಲಕ್ರಮೇಣ ಕೆಳಗೆ ಹರಿದು ದಪ್ಪ ಆಗಿದೆ ಎನ್ನುವುದು ತಪ್ಪು ತಿಳಿವಳಿಕೆ. ಮಾಡುವಾಗಲೇ ಅದು ಒಂದೇ ದಪ್ಪ ಇರಲಿಲ್ಲ.

ನಮ್ಮ ಹೆಂಚಿನ ಮೇಲೆ 1865 ಅಂತ ಅಚ್ಚಿದೆ. ಹಾಗಾದ್ರೆ ಮನೆ 1865ರದ್ದಾ?

ಅಲ್ಲ. ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ, ನಾನೂ ಒಂದು ವಾರ ಖುಷಿಯಲ್ಲಿದ್ದೆ. ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ 1865. ಆ ವರ್ಷವನ್ನು ಆಮೇಲಿನ ಹೆಂಚುಗಳ ಮೇಲೂ ಒತ್ತಿದ್ದಾರೆ. ಹಡಗಿನಲ್ಲಿ ಈ ಹೆಂಚು ದೂರದೂರದ ದೇಶಗಳಿಗೆ ಹೋಯಿತು, ಆದ್ದರಿಂದ ಈ ತಪ್ಪೂ ಎಲ್ಲ ಕಡೆ ಆಗುತ್ತದೆ. ಹೆಂಚು ತಿರುಗಿಸಿ ಕಾರ್ಖಾನೆಯ ಹೆಸರು, ಊರು ಬರೆದುಕೊಳ್ಳಿ, ಆ ಕಾರ್ಖಾನೆ ಯಾವಾಗಿನಿಂದ ಯಾವಾಗಿನವರೆಗೆ ಇತ್ತು ನೋಡಿ. ಒಂದೇ ಮಾಡಿನಲ್ಲಿ ಮೂರು ನಾಲ್ಕು ಕಾರ್ಖಾನೆಯ ಹೆಂಚು ಇದ್ದರೆ, ಒಡೆದಾಗ ಒಡೆದಾಗ ಬದಲಾಯಿಸಿದ್ದಾರೆ ಎಂದರ್ಥ. ಯಾವುದು ಜಾಸ್ತಿ ಇದೆ ಎಣಿಸಿ. ಕಬ್ಬಿಣದ ತೊಲೆಗಳ ಮೇಲೂ ಹೀಗೆ ಕಂಪನಿಯ ಹೆಸರು ಇರುತ್ತದೆ, ಸುಣ್ಣದ ಪದರದ ಕೆಳಗೆ ಬೆರಳಾಡಿಸಿದರೆ ಸಿಗುತ್ತದೆ.

ಮರದ ತೊಲೆ ನೋಡಿ ವಯಸ್ಸು ಕಂಡುಹಿಡಿಯಬಹುದಾ?

ಬಹುದು, ಆದರೆ ಷರತ್ತುಗಳಿವೆ. ಮರದ ಉಂಗುರಗಳನ್ನು ಎಣಿಸಿ ಕಾಲ ಹೇಳುವ ವಿದ್ಯೆಯನ್ನು ಕಳೆದ ಶತಮಾನದ ಮೊದಲ ಭಾಗದಲ್ಲಿ ಬೆಳೆಸಿದವರು ಆ್ಯಂಡ್ರೂ ಡಗ್ಲಸ್. ಅವರು ಖಗೋಳ ವಿಜ್ಞಾನಿ. ಮಳೆ ಚೆನ್ನಾಗಿ ಬಂದ ವರ್ಷ ಉಂಗುರ ಅಗಲ, ಬರಗಾಲದ ವರ್ಷ ಸಪೂರ. ಈ ಅಗಲ-ಸಪೂರದ ಸಾಲನ್ನು ಆ ಪ್ರದೇಶದ ಗೊತ್ತಿರುವ ಸಾಲಿನ ಜೊತೆ ಹೊಂದಿಸುತ್ತಾರೆ. ಉಷ್ಣವಲಯದ ಹೆಚ್ಚಿನ ಮರಗಳಲ್ಲಿ ಉಂಗುರ ಸ್ಪಷ್ಟ ಇರುವುದಿಲ್ಲ, ತೇಗದಲ್ಲಿ ಇರುತ್ತದೆ. ತೊಗಟೆಯ ಅಂಚು ಉಳಿದಿದ್ದರೆ ಮಾತ್ರ ಕಡಿದ ವರ್ಷ ಸರಿಯಾಗಿ ಸಿಗುತ್ತದೆ, ಚೌಕ ಮಾಡಿ ಕೆತ್ತಿದ ತೊಲೆಯಲ್ಲಿ ಅದು ಹೋಗಿರುತ್ತದೆ. ಇದಕ್ಕೆ ಪರಿಣತರು, ಪ್ರಯೋಗಾಲಯ ಬೇಕು.

ನೀವೇ ನೋಡಬಹುದಾದದ್ದು ಬೇರೆ ಇದೆ. ಯಾವುದಕ್ಕೂ ಉಪಯೋಗಕ್ಕೆ ಬಾರದ ಕಚ್ಚು, ತೂತು ತೊಲೆಯಲ್ಲಿ ಇದೆಯೇ? ಇದ್ದರೆ ಅದು ಮೊದಲು ಬೇರೆಲ್ಲೋ ಇದ್ದ ತೊಲೆ. ಒಳ್ಳೆ ಮರವನ್ನು ಯಾವ ಕಾಲದಲ್ಲೂ ಯಾರೂ ಎಸೆದಿಲ್ಲ.

ಗೋಡೆ ಕೆರೆದು ಹಳೆ ಬಣ್ಣ ನೋಡಬಹುದಲ್ವಾ?

ಸುಮ್ನೆ ಕೆರೆಯಬೇಡಿ. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ, ಅದರ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು. ಅಮೆರಿಕದಲ್ಲಿ ಮನೆಗಳಿಗೆ ಅಂಥ ಬಣ್ಣ ನಿಷೇಧ ಆದದ್ದೇ 1978ರಲ್ಲಿ. ಬೇಕೇ ಬೇಕು ಎಂದರೆ ಬಾಗಿಲ ಹಿಂದೆ, ಸ್ವಿಚ್ ಬೋರ್ಡಿನ ಕೆಳಗೆ ಉಗುರಿನಷ್ಟು ಚಕ್ಕೆಯನ್ನು ಗೋಡೆಯ ತನಕ ಪೂರ್ತಿ ಎಬ್ಬಿಸಿ, ಪೊಟ್ಟಣದಲ್ಲಿ ಹಾಕಿ, ಎಲ್ಲಿಯದು ಎಂದು ಬರೆದಿಡಿ. ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಪದರ ಎಣಿಸುವುದೇ ಒಂದು ಸಾಕ್ಷಿ. ಪಕ್ಕದ ಗೋಡೆಯಲ್ಲಿ ಹದಿನಾಲ್ಕು ಪದರ, ಈ ಗೋಡೆಯಲ್ಲಿ ಆರು ಎಂದರೆ ಈ ಗೋಡೆ ಆಮೇಲೆ ಬಂದದ್ದು. ಪದರದ ಬಿಳಿಯಲ್ಲಿ ಟೈಟಾನಿಯಂ ಸಿಕ್ಕಿದರೆ ಅದು ಹೆಚ್ಚುಕಮ್ಮಿ 1920ರಿಂದ ಈಚಿನದು.

ಒಂದು ಕಿಟಕಿ ಇಟ್ಟಿಗೆ ಇಟ್ಟು ಮುಚ್ಚಿದೆ. ಹೊರಗೋಡೆಯಲ್ಲಿ ಕಬ್ಬಿಣದ ಬಿಲ್ಲೆ ಬೇರೆ ಇದೆ. ಏನಿದು?

ಕಿಟಕಿ ಮುಚ್ಚಲು ಹತ್ತು ಕಾರಣ ಇರಬಹುದು. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗೆ ತೆರಿಗೆ ಇತ್ತು, ಜನ ಮುಚ್ಚಿಸಿದ್ದು ನಿಜ. ಹಾಗಂತ ಮುಚ್ಚಿದ ಕಿಟಕಿಗೆಲ್ಲ ತೆರಿಗೆಯೇ ಕಾರಣ ಅಲ್ಲ. ಒಳಗೆ ಮೆಟ್ಟಿಲು ಬಂದಿರಬಹುದು, ಪಕ್ಕದವರು ಒತ್ತಿ ಕಟ್ಟಿರಬಹುದು, ಹೊರಗಿನಿಂದ ಸಮ ಕಾಣಲಿ ಎಂದು ಮೊದಲಿನಿಂದಲೂ ಹುಸಿ ಕಿಟಕಿಯೇ ಇರಬಹುದು.

ಬಿಲ್ಲೆಯ ವಿಷಯ ಗಂಭೀರ. ಗೋಡೆಗಳು ಹೊರಕ್ಕೆ ವಾಲದಂತೆ ಒಳಗಿನಿಂದ ಕಬ್ಬಿಣದ ಸರಳು ಹಾಯಿಸಿ ಎರಡೂ ಕಡೆ ಬಿಗಿಯುತ್ತಾರೆ, ಅದರ ತುದಿಯೇ ಬಿಲ್ಲೆ. ಚಾರ್ಲ್ಸ್‌ಟನ್ನಿನಲ್ಲಿ 1886ರ ಭೂಕಂಪದ ನಂತರ ಹೀಗೆ ಬಿಗಿದ ಮನೆಗಳು ಸಾಲುಸಾಲಾಗಿವೆ. ನಿಮ್ಮ ಮನೆಯಲ್ಲಿ ಅದು ಇದ್ದರೆ ಒಂದು ಕಾಲದಲ್ಲಿ ಗೋಡೆ ಬಿರುಕು ಬಿಟ್ಟು ಯಾರೋ ಹೆದರಿದ್ದಾರೆ ಎಂದರ್ಥ. ಚಂದಕ್ಕೆಂದು ತೆಗೆಸಬೇಡಿ.

## ನಿಯಮ ಮತ್ತು ದುರಸ್ತಿ

ಪಾರಂಪರಿಕ ಪ್ರದೇಶ ಅಂದಮೇಲೆ ಮೊಳೆ ಹೊಡೆಯೋಕೂ ಅನುಮತಿ ಬೇಕಾ?

ಒಳಗೆ ಮೊಳೆ ಹೊಡೆಯುವುದಕ್ಕೆ ಸಾಮಾನ್ಯವಾಗಿ ಬೇಡ. ಬೀದಿಗೆ ಕಾಣುವ ಭಾಗ, ಎತ್ತರ, ಕೆಡವುವುದು ಇವಕ್ಕೆ ಬೇಕಾಗುತ್ತದೆ. ಆದರೆ ನಿಮ್ಮ ಮನೆ ಯಾವ ಪಟ್ಟಿಯಲ್ಲಿದೆ ಎಂದು ಮೊದಲು ನೋಡಿ, ಯಾಕೆಂದರೆ ಗೌರವದ ಪಟ್ಟಿ ಬೇರೆ, ಕಟ್ಟುಪಾಡಿನ ಪಟ್ಟಿ ಬೇರೆ. ಅಮೆರಿಕದ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿದ್ದರೂ ಸ್ವಂತ ದುಡ್ಡಿನಲ್ಲಿ ಮಾಡುವ ಬದಲಾವಣೆಗೆ ಅಡ್ಡಿಯಿಲ್ಲ, ತಡೆಯುವುದು ಊರಿನ ಸ್ಥಳೀಯ ನಿಯಮ. ಭಾರತದಲ್ಲಿ 1958ರ ಕಾಯ್ದೆ ಕಾಪಾಡುವುದು ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು. ಜನ ವಾಸ ಇರುವ ಮನೆ ಅದರಲ್ಲಿ ಬರುವುದು ಅಪರೂಪ. ಆದರೆ ಮನೆ ಅಂಥ ಸ್ಮಾರಕದ ಹತ್ತಿರ ಇದ್ದರೆ 2010ರ ತಿದ್ದುಪಡಿ ತಾಗುತ್ತದೆ. ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಸ್ಥಳೀಯ ಪಟ್ಟಿಗಳಲ್ಲಿ ಮುಂಬಯಿಯ 1995ರ ನಿಯಮ ಭಾರತಕ್ಕೆ ಮೊದಲನೆಯದು.

ಸಿಮೆಂಟ್ ಗಟ್ಟಿ ಅಲ್ವಾ? ಹಳೆ ಗಾರೆ ಕಿತ್ತು ಸಿಮೆಂಟ್ ಹಾಕಿಸಿದ್ರೆ ಏನು ತೊಂದರೆ?

ಗಟ್ಟಿ ಇರುವುದೇ ತೊಂದರೆ. ಈಗ ಎಲ್ಲರೂ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ, ಅದಕ್ಕಿಂತ ಹಳೆಯ ಗೋಡೆಗಳು ಹೆಚ್ಚಾಗಿ ಸುಣ್ಣ ಅಥವಾ ಮಣ್ಣಿನವು, ಆಮೇಲೆಯೂ ಬಹಳ ಕಾಲ ಹಾಗೆಯೇ. ಸುಣ್ಣದ ಗಾರೆ ಉಸಿರಾಡುತ್ತದೆ. ನೆಲದ ತೇವ ಗೋಡೆಗೆ ಹತ್ತಿ ಗಾರೆಯ ಮೂಲಕ ಹೊರಗೆ ಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಉಪ್ಪು ಕಟ್ಟುತ್ತದೆ, ಮೆದು ಇಟ್ಟಿಗೆ ಪುಡಿಯಾಗುತ್ತದೆ. ಹೊರಗೆ ಸಿಮೆಂಟಿನ ಚಿಪ್ಪು ಗಟ್ಟಿಯಾಗಿಯೇ ನಿಂತಿರುತ್ತದೆ, ಒಳಗೆ ಗೋಡೆ ಇರುವುದಿಲ್ಲ.

ನಮ್ಮಲ್ಲಿ ಇನ್ನೊಂದು ನಷ್ಟ ಆಯಿತು. ಅಟ್ಟದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ ಇತ್ತು. ಸಾಲುಸಾಲು ಮೂಟೆಗಳ ಲೆಕ್ಕ, ಪಕ್ಕದಲ್ಲಿ ಹೆಸರುಗಳು, ಎರಡು ಮೂರು ಕೈಬರಹ. ಫೋಟೊ ತೆಗೆಯಬೇಕು ಎಂದುಕೊಂಡು ತಳ್ಳಿದ್ದೆ. ದುರಸ್ತಿಗೆ ಬಂದವರು ನಾನು ಇಲ್ಲದ ಮಧ್ಯಾಹ್ನ ಆ ಗೋಡೆಯನ್ನು ಪೂರ್ತಿ ಹೆರೆದಿದ್ದರು. ಅವರಿಗೆ ಅದು ಕೊಳೆ, ಹೇಳಬೇಕಾದದ್ದು ನಾನು. ಇವತ್ತಿಗೂ ಆ ಹೆಸರುಗಳಲ್ಲಿ ಎರಡು ಮಾತ್ರ ನೆನಪಿವೆ. ಆದ್ದರಿಂದ ಕೆಲಸದವರು ಬರುವ ಹಿಂದಿನ ದಿನವೇ ಮುಟ್ಟಬಾರದ ಜಾಗಕ್ಕೆಲ್ಲ ಕಾಗದ ಅಂಟಿಸಿ ಬರೆದಿಡಿ, ಅವರ ಜೊತೆ ಒಂದು ಸುತ್ತು ನಡೆದು ತೋರಿಸಿ. ಆಸ್ಟ್ರೇಲಿಯಾದ ಬರ‍್ರಾ ಎಂಬ ಗಣಿ ಊರಿನಲ್ಲಿ 1979ರಲ್ಲಿ ಹಳೆ ಕಟ್ಟಡ ಕಾಪಾಡುವ ಪರಿಣತರು ಒಪ್ಪಿಕೊಂಡ ಸನ್ನದು ಹೇಳುವುದೂ ಇದನ್ನೇ. ಎಷ್ಟು ಬೇಕೋ ಅಷ್ಟು ಮಾಡು, ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಬದಲಿಸು.

## ಕಷ್ಟದ ಪ್ರಶ್ನೆಗಳು

ಹುಡುಕುವಾಗ ಮನೆತನಕ್ಕೆ ಮುಜುಗರ ಆಗೋ ವಿಷಯ ಸಿಕ್ಕಿದೆ. ಬರೆಯಲಾ, ಬಿಡಲಾ?

ಬರೆದಿಡಿ, ಹಂಚುವುದು ಯಾವಾಗ ಎಂದು ಆಮೇಲೆ ಯೋಚಿಸಿ. ಬರೆಯುವುದು ಬೇರೆ, ಎಲ್ಲರ ಮುಂದೆ ಓದುವುದು ಬೇರೆ. ನಮ್ಮಲ್ಲಿ ಸಿಕ್ಕಿದ್ದು ಪಾಲಿನಲ್ಲಿ ಒಬ್ಬ ತಮ್ಮನಿಗೆ ಆದ ಅನ್ಯಾಯ. ಅವರ ಮೊಮ್ಮಕ್ಕಳು ಇದ್ದಾರೆ, ನೆಂಟಸ್ತಿಕೆ ಇದೆ. ನಾನು ಮೊದಲು ಪತ್ರ ಹಿಡಿದುಕೊಂಡು ಅವರ ಮನೆಗೇ ಹೋದೆ. ಅವರಿಗೆ ಎಲ್ಲಾ ಗೊತ್ತಿತ್ತು, ನಮಗೆ ಗೊತ್ತಾದದ್ದೇ ಅವರಿಗೆ ಸಮಾಧಾನ. ಆ ದಿನ ಅವರು ಕೊಟ್ಟ ಒಂದು ಫೋಟೊದಲ್ಲಿ ನಮ್ಮ ಮನೆಯ ಮುಂಭಾಗ ಮಹಡಿ ಇಲ್ಲದೆ ಕಾಣುತ್ತದೆ. ಅಂಥ ಫೋಟೊ ಬೇರೆ ಯಾರ ಹತ್ತಿರವೂ ಇಲ್ಲ.

ಮಧ್ಯೆ ಮೂವತ್ತು ವರ್ಷದ ದಾಖಲೆಯೇ ಇಲ್ಲ. ಊಹೆ ಮಾಡಿ ಬರೀಬಹುದಾ?

ಊಹೆ ಮಾಡಬಹುದು, ಊಹೆ ಎಂದು ಹೇಳಬೇಕು. ನಾನು ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕುತ್ತೇನೆ: ಕಾಗದ, ಗೋಡೆ, ಮಾತು. ಕಾಗದದಲ್ಲಿ ಇದೆಯೋ, ಮನೆಯಲ್ಲೇ ಕಾಣುತ್ತದೆಯೋ, ಯಾರಾದರೂ ಹೇಳಿದ್ದೋ ಎಂಬುದು ಇದರಿಂದ ಗೊತ್ತಾಗುತ್ತದೆ. ಮೂರರಲ್ಲಿ ಎರಡು ಹೊಂದಿದರೆ ಧೈರ್ಯವಾಗಿ ಬರೆಯುತ್ತೇನೆ. ಅತ್ತೆಯ ಮೆಟ್ಟಿಲಿಗೆ ಮಾತು, ಗೋಡೆ ಎರಡೂ ಇವೆ. ಒಂದೂ ಇಲ್ಲದ ಕಡೆ ಪುಟ ಖಾಲಿ ಬಿಡಿ. ಊಹೆಯಿಂದ ತುಂಬಿಸಿದ ಪುಟವನ್ನು ಮುಂದಿನವರು ನಿಜ ಎಂದುಕೊಂಡು ಹುಡುಕುವುದನ್ನೇ ನಿಲ್ಲಿಸುತ್ತಾರೆ.

ಮನೆ ಉಳಿಸಿಕೊಳ್ಳೋಕೆ ಆಗ್ತಿಲ್ಲ, ಮಾರ್ತಿದ್ದೀವಿ. ಈಗ ಏನು ಮಾಡಬಹುದು?

ಎಲ್ಲರಿಗೂ ಉಳಿಸಿಕೊಳ್ಳಲು ಆಗುವುದಿಲ್ಲ, ಅದು ತಪ್ಪಲ್ಲ. ಬೀಗದ ಕೈ ಕೊಡುವ ಮೊದಲು ಅಳತೆ ತೆಗೆಯಿರಿ. ಅಮೆರಿಕದಲ್ಲಿ 1933ರಲ್ಲಿ, ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿಗಳನ್ನು ಕಳಿಸಿ ಹಳೆ ಕಟ್ಟಡಗಳ ಅಳತೆ, ಚಿತ್ರ, ಫೋಟೊ ಮಾಡಿಸುವ ಸರ್ಕಾರಿ ಯೋಜನೆ ಶುರುವಾಯಿತು. ಆಗ ದಾಖಲಾದ ಎಷ್ಟೋ ಮನೆಗಳು ಈಗಿಲ್ಲ, ಹಾಳೆಗಳು ಇವೆ. ನಿಮಗೆ ಬೇಕಾದದ್ದು ಟೇಪು, ಚೌಕುಳಿ ಕಾಗದ, ಇಬ್ಬರು ಜನ. ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ, ಎರಡು ಕರ್ಣ, ಬಾಗಿಲ ಬಳಿ ಗೋಡೆಯ ದಪ್ಪ. ದಪ್ಪ ಮರೆಯಬೇಡಿ. ನಮ್ಮ ಮನೆಯ ಮುಂದಿನ ಗೋಡೆ ಹಿಂದಿನದಕ್ಕಿಂತ ಒಂದೂವರೆಪಟ್ಟು ದಪ್ಪ ಎಂದು ಗೊತ್ತಾದ ಮೇಲೆಯೇ ಎರಡು ಬೇರೆ ಕಾಲದವು ಎಂಬ ಅನುಮಾನ ಹುಟ್ಟಿದ್ದು. ಕೊಳ್ಳುವವರಿಗೆ ಒಂದು ಪ್ರತಿ ಕೊಡಿ. ಮನೆಯ ಕಥೆ ಗೊತ್ತಿದ್ದವರು ಕೆಡವುವ ಮುಂಚೆ ಒಂದು ಸಲ ಯೋಚನೆ ಮಾಡುತ್ತಾರೆ.

ಇಷ್ಟೆಲ್ಲ ಸೇರಿಸಿದ್ದನ್ನ ಎಲ್ಲಿ ಇಡೋದು?

ಮೂರು ಕಡೆ. ಒಂದು ಪ್ರತಿ ನಿಮ್ಮ ಹತ್ತಿರ, ಒಂದು ಬೇರೆ ಊರಿನ ನೆಂಟರ ಹತ್ತಿರ, ಒಂದು ಹತ್ತಿರದ ಗ್ರಂಥಾಲಯ ಅಥವಾ ದಾಖಲೆ ಸಂಗ್ರಹದಲ್ಲಿ, ಅವರು ತೆಗೆದುಕೊಳ್ಳುವುದಾದರೆ. ಫೋನಿನಲ್ಲಿ ಇದೆ ಎಂದು ನೆಚ್ಚಿಕೊಳ್ಳಬೇಡಿ, ಕಾಗದದ ಮೇಲೆ ಅಚ್ಚು ಹಾಕಿಸಿ. ಫೋಟೊದ ಹಿಂದೆ ಯಾರು, ಯಾವ ಕೋಣೆ ಎಂದು ಮೆದು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಮಸಿ ಆಚೆ ಬದಿಗೆ ಇಳಿಯುತ್ತದೆ. ಮೂಲ ಪತ್ರಗಳಿಗೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾಡಿಸಲೇಬೇಡಿ, ಮತ್ತೆ ಬಿಡಿಸಲು ಆಗುವುದಿಲ್ಲ.

ನಾನು ನಾಲ್ಕನೆಯ ಪ್ರತಿಯೊಂದನ್ನು ಮನೆಯಲ್ಲೇ ಇಟ್ಟಿದ್ದೇನೆ, ಪಡಸಾಲೆಯ ಗೋಡೆಗೂಡಿನಲ್ಲಿ, ಬಟ್ಟೆ ಸುತ್ತಿ. ಅದರಲ್ಲಿ ಅಟ್ಟದ ಲೆಕ್ಕದ ಪುಟಕ್ಕೆ ಎರಡು ಹೆಸರು ಬರೆದಿದ್ದೇನೆ, ಉಳಿದ ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ. ಯಾರಿಗಾದರೂ ನೆನಪಿದ್ದರೆ ಬಂದು ಬರೆಯಲಿ ಎಂದು ಪೆನ್ಸಿಲನ್ನೂ ಜೊತೆಗೆ ಕಟ್ಟಿದ್ದೇನೆ.